ಬಸಿಯವರು, ಲೋಟದವರು

ಗದಗ,
ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು,
ಬಿಡುದಿಂಗಳ ಮೂವತ್ತೆರಡನೆಯ ದಿನ, ಬೆಳಗಿನ ಹೊತ್ತು

ನಮಗಿಂತ ಮೊದಲು ಈ ಊರಿನ ಬಿಸಿಲು ಕಂಡ ಹಿರಿಯರಿಗೆ ಇರಾವತಿ ಮುಳಗುಂದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಂಥ ತಿಂಗಳಿಲ್ಲ ಎಂಬುದು ನನಗೆ ಗೊತ್ತಿದೆ. ಬಿಸಿಲು ತಡೆಯಲಾಗದೆ ನಮ್ಮ ಹಿಂದಿನವರು ಬೇರೆ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತುಕೊಂಡು ಏಪ್ರಿಲ್ಲಿಗೂ ಮೇ ತಿಂಗಳಿಗೂ ನಡುವೆ ಇದೊಂದನ್ನು ತುರುಕಿದರು. ಈ ತಿಂಗಳಲ್ಲಿ ಯಾರೂ ದುಡಿಯುವಂತಿಲ್ಲ, ಆದ್ದರಿಂದ ಬಿಡುದಿಂಗಳು. ಎಲ್ಲರೂ ತಗ್ಗುಮನೆಗಳಲ್ಲಿ, ಅಂದರೆ ತಂಪಿಗೆಂದು ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ ಮನೆಗಳಲ್ಲಿ, ಕಾಲು ಚಾಚಿ ಕೂತಿರುತ್ತೇವೆ. ಮದುವೆಯ ಮಾತುಕತೆಗೆ ಮಾತ್ರ ಅಪ್ಪಣೆಯಿದೆ, ಏಕೆಂದರೆ ಅದು ಕೆಲಸವಲ್ಲವಂತೆ. ಹಾಗೆಂದು ಕಾನೂನು ಬರೆದವರು ಒಂದು ಮದುವೆಯನ್ನೂ ಮಾಡಿಸಿದವರಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಇನ್ನೂ ಬರುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಟಗಳಿಂದ ಕಲಿತವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಂದು ಮನೆಯಲ್ಲಿ ಮಾತು ಕಟ್ಟಿಕೊಂಡು ಮುಂದೆ ಹೋಗದಿದ್ದಾಗ, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಹಿಂದಿನವರಿಗೆ ಪತ್ರ ಬರೆಯಬೇಕು. ಬರೆದು ಗೋಡೆಯ ಗೂಡಿನಲ್ಲಿಟ್ಟು ಮೇಲೆ ಮಣ್ಣು ಮೆತ್ತಿಬಿಡುತ್ತೇವೆ. ಉತ್ತರ ಬರುವುದಿಲ್ಲವೆಂದು ನಮಗೂ ಗೊತ್ತು, ನಾವೇನು ಹುಚ್ಚರಲ್ಲ. ಆದರೆ ಏನೂ ಗೊತ್ತಿಲ್ಲದವರಿಗೆ ಬುಡದಿಂದ ಹೇಳುತ್ತಾ ಹೋದರೆ, ಹೇಳುವವರಿಗೇ ಕೆಲವು ಸಂಗತಿ ಹೊಳೆಯುತ್ತವೆ. ನನ್ನ ಗಂಡನ ಮನೆ ಬೆಟಗೇರಿಯಲ್ಲಿದೆ. ಬಿಡುದಿಂಗಳಿಗೆ ತವರಿಗೆ ಬಂದವಳ ಕೈಗೆ ತುಂಗಾ ವೈನಿ, ನನ್ನ ಅಣ್ಣನ ಹೆಂಡತಿ, ಈ ಬೆಳಿಗ್ಗೆ ಕಾಗದ ಕೊಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನನ್ನ ಸೊಸೆ ಹಂಸಾಳ, ಅಂದರೆ ಅಣ್ಣನ ಒಬ್ಬಳೇ ಮಗಳ, ಮದುವೆ ನಿಂತುಹೋಗಿದೆ. ಬಿಡುದಿಂಗಳು ಮುಗಿಯಲು ಇನ್ನೆರಡು ದಿನ. ಅದೇ ತಿಂಗಳಲ್ಲಿ ಸರಿಹೋಗದ ಸಂಬಂಧವನ್ನು ಮತ್ತೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ.

ನಾನು ನಡೆನೋಡುವವಳು. ಜನ ದಿನನಿತ್ಯ ಮಾಡುವ ಸಣ್ಣಪುಟ್ಟ ಕೆಲಸಗಳನ್ನು ನೋಡಿ, ಅವರ ಒಲವು ಯಾವ ಪಕ್ಷದ ಕಡೆಗಿದೆ, ಚುನಾವಣೆಯಲ್ಲಿ ಅವರ ಮತ ಯಾರಿಗೆ ಬೀಳುತ್ತದೆ ಎಂದು ಹೇಳುವುದು ನನ್ನ ಉದ್ಯೋಗ. ಮನೆ ಬಾಡಿಗೆಗೆ ಕೊಡುವವರು, ಪಾಲುದಾರಿಕೆಯಲ್ಲಿ ಅಂಗಡಿ ತೆರೆಯುವವರು, ಎಲ್ಲಕ್ಕಿಂತ ಹೆಚ್ಚಾಗಿ ಹೆಣ್ಣು ಗಂಡು ನೋಡುವವರು ನನ್ನನ್ನು ಕರೆಯುತ್ತಾರೆ. ನನ್ನ ಮಾತು ತಪ್ಪಿದ್ದು ಬಹಳ ಕಡಿಮೆ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಈ ವಿದ್ಯೆಯ ಮೊದಲ ಪಾಠವೇ ನೀವು. ನಿಮ್ಮ ಕಾಲದವರು ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುವಾಗ ಪಕ್ಕದವನು ಯಾವ ಪತ್ರಿಕೆಗೆ ಕೈ ಹಾಕಿದ ಎಂದು ಕಣ್ಣಂಚಿನಲ್ಲೇ ನೋಡಿಕೊಳ್ಳುತ್ತಿದ್ದರಂತೆ. ಟೀವಿಯಲ್ಲಿ ಯಾವ ಚಾನೆಲ್ ಬಂದಾಗ ರಿಮೋಟ್ ಕೆಳಗಿಟ್ಟ, ಬೈಕಿನ ಹಿಂದೆ ಏನು ಅಂಟಿಸಿದ್ದಾನೆ, ಹೆಗಲ ಮೇಲಿನ ಶಾಲು ಯಾವ ಬಣ್ಣದ್ದು, ಫೋನೆತ್ತಿದೊಡನೆ ಮೊದಲು ಏನನ್ನುತ್ತಾನೆ, ಊಟಕ್ಕೆ ಯಾವ ಹೋಟೆಲ್ಲು ಹುಡುಕುತ್ತಾನೆ ಎಂಬುದರಿಂದಲೇ ‘ಓಹೋ, ಇವನು ಅವರ ಕಡೆಯವನು’ ಎಂದು ತೀರ್ಮಾನವಾಗುತ್ತಿತ್ತಂತೆ. ಕುಟುಂಬದ ಗ್ರೂಪಿನಲ್ಲಿ ಬಂದ ಬೆಳಗಿನ ಶುಭಾಶಯದ ಚಿತ್ರ ನೋಡಿ ಸೋದರಮಾವನ ಜೊತೆ ಮಾತು ಬಿಟ್ಟವರೂ ಇದ್ದರೆಂದು ನಮ್ಮ ಗುರುಗಳು ಹೇಳುತ್ತಿದ್ದರು. ನನಗೆ ನಿಮ್ಮ ಮೇಲೆ ಗೌರವವೇ ಇದೆ. ಯಾರ ಹತ್ತಿರವೂ ಕಲಿಯದೆ, ಬಸ್ಸಿನಲ್ಲಿ ನಿಂತುಕೊಂಡೇ ಹೇಳುತ್ತಿದ್ದಿರಿ, ಬಹುಪಾಲು ಸರಿಯಾಗಿಯೂ ಹೇಳುತ್ತಿದ್ದಿರಿ. ನಿಮಗೆ ಬರುತ್ತಿದ್ದದ್ದನ್ನೇ ನಾವು ಉದ್ಯೋಗ ಮಾಡಿಕೊಂಡೆವು.

ನಿಮ್ಮ ಪಕ್ಷಗಳ ಹೆಸರು ಈಗ ಯಾರಿಗೂ ನೆನಪಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಇರುವವು ಎರಡೇ. ಒಂದು ಬಸಿಯವರದು, ಇನ್ನೊಂದು ಲೋಟದವರದು. ಬಸಿ ಎಂದರೆ ಕಪ್ಪಿನ ಕೆಳಗಿಡುವ ತಟ್ಟೆ, ಅದು ನಿಮ್ಮ ಕಾಲದಲ್ಲೂ ಇತ್ತು. ಚಹಾವನ್ನು ಬಸಿಗೆ ಸುರಿದು ಊದಿ ಸೊರ್ ಎಂದು ಹೀರುವವರು ಬಸಿಯವರು. ಲೋಟಕ್ಕೇ ಬಾಯಿ ಇಟ್ಟು ಸದ್ದಿಲ್ಲದೆ ಕುಡಿಯುವವರು ಲೋಟದವರು. ನಮ್ಮ ಚಹಾ ನಿಮ್ಮದಲ್ಲ, ಹುರಿದ ಜೋಳ ಮತ್ತು ಮಜ್ಜಿಗೆ ಹುಲ್ಲು ಹಾಕಿ ಕುದಿಸಿದ್ದು. ಹೆಸರು ಮಾತ್ರ ಬಿಟ್ಟುಕೊಟ್ಟಿಲ್ಲ. ಇದಿಷ್ಟೇ ಆದರೆ ನನ್ನಂಥವಳು ಬೇಕಾಗಿರಲಿಲ್ಲ. ಬಸಿಯವರು ಚಪ್ಪಲಿಯನ್ನು ಬೀದಿಗೆ ಮುಖ ಮಾಡಿ ಬಿಡುತ್ತಾರೆ, ಲೋಟದವರು ಗೋಡೆಗೆ ಮುಖ ಮಾಡಿ. ಬಸಿಯವರು ರೊಟ್ಟಿಯನ್ನು ಸುರುಳಿ ಸುತ್ತುತ್ತಾರೆ, ಲೋಟದವರು ಮುರಿಯುತ್ತಾರೆ. ಸುದ್ದಿ ಹೇಳುವ ಗೋಡೆ ಈಗ ಪ್ರತಿ ಮನೆಯಲ್ಲೂ ಇದೆ. ಬಸಿಯವರು ಅದರ ಚಿತ್ರ ಆರಿಸಿ ದನಿ ಕೇಳುತ್ತಾರೆ, ಲೋಟದವರು ದನಿ ಅಡಗಿಸಿ ಚಿತ್ರ ನೋಡುತ್ತಾರೆ. ಹೊಸಬರ ಮನೆಗೆ ಹೋಗಿ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನನಗೆ ಗೊತ್ತಾಗಿರುತ್ತದೆ.

ಇದೆಲ್ಲ ಶುರುವಾದದ್ದು ನೀರಿನಿಂದ. ನನ್ನ ಮುತ್ತಜ್ಜಿಯ ಕಾಲದಲ್ಲಿ ನೀರಿನ ಮಂಡಳಿಯಲ್ಲಿ ದೊಡ್ಡ ಜಗಳವಾಯಿತು. ನೀರನ್ನು ತಲೆಗಿಷ್ಟು ಎಂದು ಹಂಚಬೇಕೋ, ಮನೆಗಿಷ್ಟು ಎಂದು ಹಂಚಬೇಕೋ? ತಲೆಗಿಷ್ಟು ಎಂದವರು ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಚಳವಳಿ ಮಾಡಿದರು. ಒಂದು ಚಹಾ ತರಿಸಿ, ಕಪ್ಪು ಒಬ್ಬರಿಗೆ, ಬಸಿ ಒಬ್ಬರಿಗೆ ಎಂದು ಹಂಚಿಕೊಂಡು ಕುಡಿದರು. ಮನೆಗಿಷ್ಟು ಎಂದವರು ಯಾರ ಹಂಗೂ ಬೇಡವೆಂದು ಮನೆಯಿಂದಲೇ ತಮ್ಮ ತಮ್ಮ ಲೋಟ ತಂದರು. ಆಮೇಲೆ ಮಳೆ ಚೆನ್ನಾಗಾಯಿತು, ಕೆರೆಗಳು ತುಂಬಿದವು, ಮಂಡಳಿಯೇ ಮುಚ್ಚಿತು. ಜಗಳ ಮುಗಿದು ಮೂರು ತಲೆಮಾರಾಯಿತು. ಈಗ ಎರಡೂ ಪಕ್ಷಗಳ ಪ್ರಣಾಳಿಕೆ ಅಕ್ಷರಕ್ಕೆ ಅಕ್ಷರ ಒಂದೇ. ಉಮೇದುವಾರರು ವೇದಿಕೆಯ ಮೇಲೆ ಚಹಾ ಹೇಗೆ ಕುಡಿಯುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಆದರೂ ಜನ ಬಾಯಿ ಬಾಯಿ ಬಡಿದುಕೊಂಡು ಮತ ಹಾಕುತ್ತಾರೆ. ಯಾಕೆ ಎಂದು ಕೇಳಿದರೆ ‘ಅವರನ್ನ ಕಂಡೀರಲ್ರಿ’ ಎನ್ನುತ್ತಾರೆ, ಅಷ್ಟೇ.

ಎರಡು ಕಡೆಯವರ ನಡುವೆ ಮದುವೆಗೆ ನಿಷೇಧವೇನಿಲ್ಲ. ಆದರೆ ಹಿರಿಯರನ್ನು ಕೇಳದೆ ಹಾಗೆ ಮದುವೆಯಾದವರ ಪಾಡು ಬೇಡ. ಎರಡೂ ಕಡೆಯವರು ಅವರನ್ನು ಹಬ್ಬಕ್ಕೆ ಕರೆಯುತ್ತಾರೆ, ಕೂರಿಸಿ ಮಾತಾಡಿಸುತ್ತಾರೆ, ಚಹಾ ಮಾತ್ರ ಕೊಡುವುದಿಲ್ಲ. ಹೇಗೆ ಕುಡಿಯುತ್ತಾರೋ ನೋಡುವ ಮುಜುಗರ ಯಾರಿಗೆ ಬೇಕು ಎಂದು ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಈ ಊರಿನಲ್ಲಿ ಇಡೀ ಬದುಕು ಮಜ್ಜಿಗೆ ಕುಡಿದು ಸತ್ತವರನ್ನು ನಾನು ಕಂಡಿದ್ದೇನೆ.

ನಮ್ಮ ಹಂಸಾ ಕಪ್ಪತಗುಡ್ಡದ ಗಾಳಿಯಂತ್ರಗಳಲ್ಲಿ ಕೆಲಸ ಮಾಡುತ್ತಾಳೆ. ನಿಮ್ಮ ಕಾಲದವೇ ಕೆಲವು ಇನ್ನೂ ತಿರುಗುತ್ತಿವೆ, ಗೊಣಗಿಕೊಂಡು. ಅವುಗಳ ನೆತ್ತಿಗೆ ಹತ್ತಿ ಎಣ್ಣೆ ಬಿಡುವುದು ಅವಳ ಕೆಲಸ. ಗಾಳಿಗೆ ರಜೆಯಿಲ್ಲವಾದ್ದರಿಂದ ಅವಳಿಗೆ ಬಿಡುದಿಂಗಳೂ ಇಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವವನು ಮೌನೇಶ ಅಬ್ಬಿಗೇರಿ. ಮೂರು ವರ್ಷ ಇವಳ ಜೀವ ಅವನ ಕೈಯಲ್ಲಿತ್ತು. ಅವಳಿಗೆ ಅವನ ಮೇಲೆ ಮನಸ್ಸಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಬಸಿಯವರು, ಅಬ್ಬಿಗೇರಿಯವರು ಲೋಟದವರು. ಗುಡ್ಡದ ಮೇಲೆ ಬಸಿಯೂ ಇಲ್ಲ, ಲೋಟವೂ ಇಲ್ಲ, ಥರ್ಮಾಸಿನ ಮುಚ್ಚಳದಲ್ಲೇ ಇಬ್ಬರೂ ಕುಡಿಯುತ್ತಿದ್ದರಂತೆ.

ವಿಷಯ ತಿಳಿದಾಗ ನನ್ನ ಅಣ್ಣ ವೀರಭದ್ರ ಮೂರು ದಿನ ಮಗಳು ಮಾಡಿದ ಚಹಾ ಮುಟ್ಟಲಿಲ್ಲ. ನಾಲ್ಕನೆಯ ದಿನ ಪೇಟೆಗೆ ಹೋಗಿ ಎರಡು ಹೊಸ ಲೋಟ ತಂದ. ‘ಮಗಳು ಹೋಗೋ ಮನಿ. ಅವರ ಮುಂದ ಅವರಂಗ ಕುಡದ್ರ ನಮ್ಮ ಗಂಟೇನ ಹೋಗತೈತಿ?’ ಎಂದ. ಬಸಿಯವರಲ್ಲಿ ಇದು ಸಣ್ಣ ಮಾತಲ್ಲ, ನನ್ನ ಅಪ್ಪ ಇದ್ದಿದ್ದರೆ ಲೋಟವನ್ನು ಬೀದಿಗೆ ಎಸೆಯುತ್ತಿದ್ದ. ಹಂಸಾ ಗುಡ್ಡಕ್ಕೆ ಹೋದಾಗ, ಅವಳಿಗೂ ಹೇಳದೆ, ಅಣ್ಣನೂ ವೈನಿಯೂ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡಿದರು. ಹುಟ್ಟಿದಾಗಿನಿಂದ ಆರಿಸಿ ಕುಡಿದ ನಾಲಗೆ ಅವರದು. ಲೋಟದ ಅಂಚು ತಾಗಿದೊಡನೆ ತುಟಿ ಸುಟ್ಟು ವೈನಿ ಅಯ್ಯೋ ಎನ್ನುವಳು, ಅಣ್ಣ ಸದ್ದಿಲ್ಲದೆ ಕುಡಿಯಲು ಹೋಗಿ ಕೆಮ್ಮುವನು. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರೂ ಬರುತ್ತಿತ್ತು. ಅಣ್ಣನ ಮೇಲೆ ಅಷ್ಟು ಪ್ರೀತಿ ನನಗೆ ಬಹಳ ವರ್ಷಗಳಿಂದ ಹುಟ್ಟಿರಲಿಲ್ಲ.

ಬೀಗರಾಗುವವರು ಒಟ್ಟಿಗೆ ಕೂತು ತಿಂಡಿ ತಿನ್ನುವುದಕ್ಕೆ ತಿಂಡಿನೋಟ ಎನ್ನುತ್ತೇವೆ. ಮಾತು ಕಡಿಮೆ, ನೋಡುವುದು ಹೆಚ್ಚು. ಮನೆಯಲ್ಲೇ ನಡೆನೋಡುವವಳಿರುವಾಗ ಹೊರಗಿನವರೇಕೆ ಎಂದು ನನ್ನನ್ನೂ ಕರೆದುಕೊಂಡು, ಕಳೆದ ವಾರ ಬಿಸಿಲೇರುವ ಮೊದಲು ಅಬ್ಬಿಗೇರಿಯವರ ಮನೆಗೆ ಹೋದೆವು. ಹುಡುಗನ ತಂದೆ ಪಂಪಣ್ಣ ದಪ್ಪ ಮೀಸೆಯ ಮನುಷ್ಯ, ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ. ತಾಯಿ ಸುಗಂಧಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಉಪ್ಪಿಟ್ಟು ಚೆನ್ನಾಗಿತ್ತು. ಆಮೇಲೆ ಚಹಾ ಬಂತು.

ಕಪ್ಪಿನ ಕೆಳಗೆ ಬಸಿ ಇಟ್ಟುಕೊಂಡು ಬಂತು. ಲೋಟದವರ ಮನೆಯಲ್ಲಿ! ನಾನು ಬೆರಗಾಗಿ ನೋಡುತ್ತಿರುವಾಗಲೇ ಪಂಪಣ್ಣ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡ, ಎರಡೂ ಕೈಯಲ್ಲಿ ಎತ್ತಿದ, ಮನೆ ನಡುಗುವಂತೆ ಸೊರ್ ಎಂದು ಹೀರಿದ. ಅದೇ ಗಳಿಗೆಗೆ ನನ್ನ ಅಣ್ಣ ತನ್ನ ಚೀಲಕ್ಕೆ ಕೈ ಹಾಕಿ ಫಳಫಳ ಹೊಳೆಯುವ ಲೋಟ ಹೊರತೆಗೆದು, ಕಪ್ಪಿನ ಚಹಾವನ್ನು ಅದಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟ. ವೈನಿಯೂ ಹಾಗೇ ಮಾಡಿದಳು. ಅವನು ಕಣ್ಣು ತೆರೆದಾಗ ಎದುರಿಗೆ ಪಂಪಣ್ಣ ಬಸಿ ಹಿಡಿದು ಕೂತಿದ್ದ. ಪಂಪಣ್ಣ ಬಸಿಯ ಮೇಲಿಂದ ನೋಡಿದಾಗ ಎದುರಿಗೆ ನನ್ನ ಅಣ್ಣ ಲೋಟ ಹಿಡಿದು ಕೂತಿದ್ದ. ಇಬ್ಬರ ಮುಖವೂ ಒಟ್ಟಿಗೇ ಕೆಂಪಾಯಿತು.

‘ನಮ್ಮನ್ನ ಆಡಿಕೊಳ್ಳಾಕ ಕರಿಸಿದ್ರೇನ್ರಿ?’ ಎಂದ ಅಣ್ಣ.

‘ಆಡಿಕೊಳ್ಳಾಕ ಬಂದವರು ನೀವು!’ ಎಂದ ಪಂಪಣ್ಣ. ‘ಚೀಲದಾಗ ಲೋಟಾ ಇಟಗೊಂಡು ನಮ್ಮ ಮನಿ ಹೊಸ್ತಿಲಾ ದಾಟೀರಿ. ಇಷ್ಟ ತಯಾರಿ ಮಾಡಕೊಂಡು ಯಾರರ ಬರತಾರೇನ್ರಿ ಮಂದಿನ್ನ ಅಣಕಸಾಕ?’

ಅಣ್ಣ ಧಡಕ್ಕನೆ ಎದ್ದ. ಮೊಣಕೈ ತಾಗಿ ಅವನ ಮುಂದಿದ್ದ ಬಸಿ ಕೆಳಗೆ ಬಿದ್ದು ಎರಡು ಹೋಳಾಯಿತು. ‘ಇರಾವತಿ, ನೀನ ಹೇಳು, ಇದು ಅಣಕ ಹೌದೋ ಅಲ್ಲೋ?’ ಎಂದು ನನ್ನತ್ತ ತಿರುಗಿದ. ನಾನು ಉತ್ತರಕ್ಕೆ ಬಾಗಿಲ ಬಳಿಯ ಚಪ್ಪಲಿಗಳತ್ತ ನೋಡಿದೆ. ನಮ್ಮ ವಿದ್ಯೆಯ ಪ್ರಕಾರ ಒಬ್ಬ ತನ್ನದಲ್ಲದ ನಡೆ ತೋರಿಸಿದರೆ ಅದಕ್ಕೆ ಎರಡೇ ಅರ್ಥ. ಒಂದೋ ಪಕ್ಷ ಬಿಟ್ಟಿದ್ದಾನೆ, ಇಲ್ಲವೇ ಅಣಕಿಸುತ್ತಿದ್ದಾನೆ. ಪಂಪಣ್ಣ ಪಕ್ಷ ಬಿಟ್ಟವನಲ್ಲ, ಅವನ ಚಪ್ಪಲಿ ಗೋಡೆಗೆ ಮುಖ ಮಾಡಿಕೊಂಡೇ ಇದ್ದವು. ಮೂರನೆಯ ಅರ್ಥವನ್ನು ನನಗೆ ಯಾರೂ ಕಲಿಸಿರಲಿಲ್ಲ. ವಿಚಿತ್ರ ನೋಡಿ, ಆ ಮೂರನೆಯ ಅರ್ಥ ನನ್ನ ಪಕ್ಕದಲ್ಲೇ ಸುಟ್ಟ ತುಟಿಯೊಂದಿಗೆ ನಿಂತಿತ್ತು. ನಮ್ಮವರು ಮಾಡಿದ್ದು ಪ್ರೀತಿಗೆ ಎಂದು ನನಗೆ ಗೊತ್ತಿತ್ತು. ಎದುರಿನವರಿಗೂ ಅಂಥದೊಂದು ಇದ್ದೀತು ಎಂದು ತೋಚಲೇ ಇಲ್ಲ.

ಎದ್ದು ಮನೆಗೆ ಬಂದೆವು. ‘ತುಟಿ ಸುಟಗೊಂಡು ಕಲತಿವಿ. ಅವರು ನೋಡಿದ್ರ ಹಿಂಗ ಮಾಡಿದ್ರು’ ಎಂದು ವೈನಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹಂಸಾ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನೀವಿಬ್ಬರೇ ಮದುವೆಯಾಗಿಬಿಡಿ ಎಂದು ನಾನೇ ಹೇಳಿದೆ.

‘ಆಗೋದೇನ ಕಷ್ಟ ಅಲ್ಲ, ಅತ್ತಿ’ ಎಂದಳು. ‘ಆದ್ರ ಆಮ್ಯಾಲ ಸಾಯೋತನಕ ಮಜ್ಜಿಗಿ ಕುಡಿಬೇಕು. ನಾನೂ ಕುಡಿಬೇಕು, ಅವನೂ ಕುಡಿಬೇಕು. ನಮ್ಮಪ್ಪನ ಮನ್ಯಾಗ ನನಗ ಮಜ್ಜಿಗಿ ಕೊಡೋದನ್ನ ನಾ ನೋಡಲಾರೆ.’

ಮೂರು ದಿನ ಕಳೆದವು. ಮೊನ್ನೆ ಬೆಳಿಗ್ಗೆ ಅವಳು ಗುಡ್ಡದಿಂದ ಬಂದು ಕೈಯ ಎಣ್ಣೆ ತೊಳೆಯುತ್ತಾ ಇದ್ದಕ್ಕಿದ್ದಂತೆ ಕೇಳಿದಳು. ‘ಅತ್ತಿ, ಅವರು ಲೋಟದವರು. ಅವರ ಮನ್ಯಾಗ ಬಸಿ ಎಲ್ಲಿಂದ ಬಂದ್ವು?’

ನಾನು ಇಡೀ ಊರಿನ ನಡೆ ನೋಡುವವಳು. ಇದನ್ನು ಕೇಳಿಕೊಂಡಿರಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿ ಆ ತಿಂಡಿಯನ್ನು ಮತ್ತೆ ನೋಡಿದೆ. ಪಂಪಣ್ಣನ ಬಸಿಗೆ ನೀಲಿ ಅಂಚಿತ್ತು, ಅವನ ಹೆಂಡತಿಯದಕ್ಕೆ ಹೂವಿತ್ತು, ನನ್ನದು ಬರೀ ಬಿಳಿ. ಅಣ್ಣ ಒಡೆದದ್ದು ಹಸಿರು ಗೆರೆಯದು. ಒಂದಕ್ಕೊಂದು ಜೋಡಿಯಿಲ್ಲ. ಪಂಪಣ್ಣನ ಕೈಯಲ್ಲಿ ಬಸಿ ಒಂದು ಕಡೆಗೆ ವಾಲಿತ್ತು, ಚಹಾ ಮೀಸೆಗೆ ಹತ್ತಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಇಳಿದಿತ್ತು. ಅಣಕಿಸುವವನು ಚೆನ್ನಾಗಿ ಮಾಡುತ್ತಾನೆ, ಎದುರಿನವರಿಗಿಂತ ಚೆನ್ನಾಗಿ ಮಾಡುತ್ತಾನೆ. ಅಂಗಿಯ ಮೇಲೆ ಚೆಲ್ಲಿಕೊಳ್ಳುವವನು ಹೊಸದಾಗಿ ಕಲಿತವನು.

ಚಪ್ಪಲಿ ಮೆಟ್ಟಿಕೊಂಡು ನೇರ ಅಬ್ಬಿಗೇರಿಯವರ ಬೀದಿಗೆ ಹೋದೆ. ಎದುರುಮನೆಯ ಬಾಗಿಲಲ್ಲಿ ಚಪ್ಪಲಿಗಳು ಬೀದಿಗೆ ಮುಖ ಮಾಡಿದ್ದವು, ಅಂದರೆ ಬಸಿಯವರು. ಗುಳ್ಳವ್ವ ಎಂಬ ಮುದುಕಿ ಹೊರಗೆ ಬಂದು ನನ್ನ ಗುರುತು ಹಿಡಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

‘ನಿಮ್ಮಣ್ಣ ಒಡದದ್ದು ನನ್ನ ಬಸಿ’ ಎಂದಳು. ‘ನನ್ನ ಗಂಡ ಇದ್ದಾಗಿನದು. ಅದು ಹೋಗಲಿ ಬಿಡ್ರಿ. ಪಂಪಣ್ಣ ಎದುರಮನ್ಯಾಗ ಇದ್ದೂ ಇಷ್ಟು ವರ್ಷ ನನ್ನ ಮೆಟ್ಟಲಾ ಹತ್ತಿದವ ಅಲ್ಲ. ನೀವು ಬರೋಕಿಂತ ಮದಲ ಒಂದಿನ, ಮಗ ಗುಡ್ಡಕ್ಕ ಹೋದಾಗ, ಬಂದು ತಲಿ ತಗ್ಗಿಸಿ ನಿಂತ. ಯವ್ವಾ, ಬಸಿಯೊಳಗ ಹ್ಯಾಂಗ ಕುಡಿಬೇಕು ತೋರಸು, ಸೊಸಿ ಬರೋ ಮನಿ, ಆಕೀಗೆ ಪರಕೀ ಅನಸಬಾರದು ಅಂದ. ನಾನ ಕಲಿಸೇನಿ. ಸಪ್ಪಳ ಜೋರ ಬರಬೇಕು, ಇಲ್ಲಾಂದ್ರ ಖರೇ ಬಸಿಯವರು ಅಲ್ಲ ಅಂತ ನಾನ ಹೇಳೇನಿ. ಈ ಓಣ್ಯಾಗ ಬಸಿಯವರ ಮನಿ ಮನಿ ತಿರುಗಿ ಒಂದೊಂದ ಬಸಿ ಕೇಳಿ ತಂದ ಮನಶಾ, ಅಂವ ಅಣಕಸತಾನೇನ್ರಿ?’

ನಾನು ಅವಳ ಕಟ್ಟೆಯ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು, ಹಿಂದೆಯೇ ಹೊಟ್ಟೆ ತುಂಬ ಸಂತೋಷವಾಯಿತು. ಎರಡು ಮನೆಯವರು ಒಬ್ಬರಿಗೊಬ್ಬರು ತಿಳಿಯದೆ, ಬಾಗಿಲು ಮುಚ್ಚಿಕೊಂಡು, ಒಬ್ಬರ ನಡೆಯನ್ನು ಇನ್ನೊಬ್ಬರು ಕಲಿತಿದ್ದರು. ಗುಳ್ಳವ್ವನ ಮಾತನ್ನು ಅಲ್ಲಿಂದಲೇ ಪಂಪಣ್ಣನಿಗೆ ಹೇಳೋಣವೆಂದು ಎದುರುಮನೆಯ ಕದ ತಟ್ಟಿದೆ. ಒಳಗೆ ದನಿಯಿಲ್ಲದ ಸುದ್ದಿಗೋಡೆಯ ಬೆಳಕು ಆಡುತ್ತಿತ್ತು. ಕದ ತೆರೆಯಲಿಲ್ಲ.

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಬಸಿಗಾಗಿ ಪಂಪಣ್ಣ ಮನೆ ಮನೆ ತಿರುಗಿದ ಮಾತು ಬಂದಾಗ ಮುಖ ಆ ಕಡೆ ಮಾಡಿಕೊಂಡ. ಕೊನೆಗೆ ಹೇಳಿದ್ದು ಇಷ್ಟೇ: ‘ಹಂಗಿದ್ರ ಅವ ಬಂದು ಹೇಳಲಿ.’ ನಮ್ಮವರು ಲೋಟ ಕಲಿತ ಕತೆಯನ್ನು ಹಂಸಾ ಮೌನೇಶನ ಮೂಲಕ ಪಂಪಣ್ಣನಿಗೆ ಮುಟ್ಟಿಸಿದಳು, ಅತ್ತ ಅವನೂ ಅದನ್ನೇ ಹೇಳಿದನಂತೆ, ಪದ ಕೂಡ ಬದಲಾಗಿಲ್ಲ. ಪ್ರಣಾಳಿಕೆಗಳಂತೆ ಇವರ ಹಟವೂ ಅಕ್ಷರಕ್ಕೆ ಅಕ್ಷರ ಒಂದೇ. ಹೀಗೆ ಮಾತು ಕಟ್ಟಿಕೊಂಡಿತು, ವೈನಿ ನನ್ನ ಕೈಗೆ ಕಾಗದ ಕೊಟ್ಟಳು.

ಬುಡದಿಂದ ಹೇಳುವುದು ಮುಗಿಯಿತು. ಹೊಳೆದದ್ದೇನೆಂದು ಕೇಳುತ್ತೀರಾ? ನನ್ನ ವಿದ್ಯೆ ಸುಳ್ಳಲ್ಲ, ಹಿರಿಯರೇ. ನಿಮ್ಮದೂ ಸುಳ್ಳಲ್ಲ. ಕಟಿಂಗ್ ಶಾಪಿನಲ್ಲಿ ಆ ಪತ್ರಿಕೆ ಎತ್ತಿಕೊಂಡವನು ಬಹುಶಃ ನೀವು ಅಂದುಕೊಂಡ ಕಡೆಯವನೇ ಇದ್ದಾನು. ಆದರೆ ಅಷ್ಟು ತಿಳಿದೊಡನೆ ನಾವು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಚಪ್ಪಲಿಯ ಮುಖ ಕಂಡಿತು, ಸಾಕು ಎನ್ನುತ್ತೇವೆ. ವಾಲಿದ ಬಸಿ ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಯಾವ ಕಡೆಯವನು ಎಂದು ಹೇಳಲು ನನಗೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಾಕು. ಅವನು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡದ್ದು ಯಾರಿಗಾಗಿ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಅದೂ ಹುಡುಗಿಯೊಬ್ಬಳು ಕೇಳಿದ್ದರಿಂದ.

ನಿಮ್ಮನ್ನು ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಜಗಳಗಳನ್ನು ಬಿಡಿ ಎನ್ನುವುದಿಲ್ಲ, ಅವುಗಳಿಗೆ ಕಾರಣವಿದ್ದೀತು. ನೀರಿಗಾಗಿ ಜಗಳವಾಡಿದ ನನ್ನ ಮುತ್ತಜ್ಜಿಗೂ ಕಾರಣವಿತ್ತು. ಆದರೆ ಜಗಳದ ಕಾರಣವನ್ನು ಮಕ್ಕಳಿಗೆ ಹೇಳಿ ಹೋಗಿ, ಮುಗಿದಾಗ ಮುಗಿಯಿತೆಂದೂ ಹೇಳಿ. ಮತ್ತು ಇನ್ನೊಂದು. ನಿಮಗಾಗದ ಕಡೆಯವನು ಯಾವತ್ತಾದರೂ ನಿಮ್ಮ ಮುಂದೆ ನಿಮ್ಮಂತೆ ಕೂತರೆ, ನಿಮ್ಮ ಪದ ಬಳಸಿದರೆ, ನಿಮ್ಮ ಹಬ್ಬಕ್ಕೆ ತಪ್ಪು ತಪ್ಪಾಗಿ ಶುಭಾಶಯ ಹೇಳಿದರೆ, ಎದ್ದು ಹೋಗುವ ಮೊದಲು ಯಾಕೆ ಹೀಗೆ ಎಂದು ಬಾಯಿಬಿಟ್ಟು ಕೇಳಿ. ನಮ್ಮ ಆ ತಿಂಡಿಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಎಲ್ಲರೂ ನೋಡಿದೆವು.

ಇಷ್ಟು ಬರೆದು ನಾನು ಹೆಸರು ಹಾಕುವವಳಿದ್ದೆ. ಅಷ್ಟರಲ್ಲಿ ಹೊರಗೆ ಬಟ್ಟಲುಗಳ ಸದ್ದಾಗಿ ಕಿಟಕಿಯಿಂದ ನೋಡಿದೆ. ವೈನಿ ತನ್ನ ಮದುವೆಯ ಬಸಿಗಳ ಜೋಡಿಯನ್ನು ಹೊರತೆಗೆದು, ಅದರಲ್ಲೊಂದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಾಳೆ. ಗುಳ್ಳವ್ವನಿಗೆ ಕೊಡಲು ಇರಬೇಕು. ಒಂದು ಹೋದರೆ ಆ ಜೋಡಿ ಮತ್ತೆ ಜೋಡಿಯಾಗುವುದಿಲ್ಲವೆಂದು ಅವಳಿಗೆ ಗೊತ್ತಿದೆ. ಅಂಗಳದ ಮೂಲೆಯಲ್ಲಿ, ಯಾರಿಗೂ ಕಾಣುವುದಿಲ್ಲವೆಂದು ನೀರಿನ ತೊಟ್ಟಿಯ ಹಿಂದೆ, ನನ್ನ ಅಣ್ಣ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಹೊರಗೆ ಹೋಗುವ ಬಿಳಿ ಧೋತರ ಉಟ್ಟಿದ್ದಾನೆ. ಮುಂದೆ ಆ ಹೊಸ ಲೋಟ, ಅದರಿಂದ ಹಬೆ ಏಳುತ್ತಿದೆ. ಎತ್ತಿ ಬಾಯಿಗಿಟ್ಟ, ತುಟಿ ಸುಟ್ಟಿರಬೇಕು, ಮುಖ ಕಿವುಚಿದ. ಸುತ್ತ ಒಮ್ಮೆ ನೋಡಿ, ಇನ್ನೊಮ್ಮೆ ಎತ್ತಿದ.

ಅಬ್ಬಿಗೇರಿಯವರ ಬೀದಿಗೆ ಇವರ ಜೊತೆ ನಾನೂ ಹೊರಡಬೇಕು, ಹೋಗಿ ಚಪ್ಪಲಿ ಮೆಟ್ಟುತ್ತೇನೆ. ಈ ಓಲೆಯ ಮೇಲೆ ಮಣ್ಣು ಮೆತ್ತುವುದು ಸಂಜೆಗಾಯಿತು. ನೀವು ತಣ್ಣಗಿರಿ.

ನಿಮ್ಮ ಮನೆಮಗಳು,
ಇರಾವತಿ